ಕೆಳಗಿನ ಕೋಣೆಗೆ ಸಹಿ ಬೀಳದ ವರ್ಷ

ಕಳೆದ ತಿಂಗಳು ಕಣ್ಣು ತೋರಿಸಲು ಕುನ್ನೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಎಂಟಕ್ಕೆ ಬನ್ನಿ ಅಂದಿದ್ದರು. ಅದಕ್ಕೂ ಮೊದಲೇ ಹೋಗಿ ಬೆಂಚಿನ ಮೇಲೆ ಕುಳಿತಿದ್ದೆ. ಕೆಲಸದ ಹೆಂಗಸೊಬ್ಬಳು ನೆಲ ಒರೆಸುತ್ತ ಬಂದಳು. ಅವಳ ಬಕೆಟ್ಟಿನಿಂದ ಅಮೋನಿಯಾದ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದವರು ಸೆರಗು, ಕರವಸ್ತ್ರ ಒತ್ತಿಕೊಂಡರು. ನನಗೆ ಅದರ ಅಗತ್ಯ ಬೀಳಲಿಲ್ಲ. ಆ ವಾಸನೆಯಲ್ಲೇ ನಾನು ಸೇವೆ ಮುಗಿಸಿದವನು. ಟ್ರೇಸಿಂಗ್ ಕಾಗದದ ಮೇಲೆ ಬರೆದ ನಕ್ಷೆಯನ್ನು ಅಚ್ಚಿನ ಕಾಗದದ ಮೇಲಿಟ್ಟು ಬಿಸಿಲು ತೋರಿಸಿ, ಆಮೇಲೆ ಆ ಕಾಗದವನ್ನು ಸುರುಳಿ ಸುತ್ತಿ ಅಮೋನಿಯಾ ಇಟ್ಟ ಪೆಟ್ಟಿಗೆಯೊಳಗೆ ನಿಲ್ಲಿಸಿದರೆ, ಗೆರೆಗಳು ಮೆಲ್ಲಗೆ ನೀಲಿಯಾಗಿ ಮೇಲೆ ಬರುತ್ತವೆ. ಹಾಗೆ ಬಂದ ಒಂದು ನಕ್ಷೆ ಬೆಂಚಿನ ಮೇಲೆ ಕುಳಿತಲ್ಲೇ ಕಣ್ಣ ಮುಂದೆ ಬಂತು. ಎರಡು ಕೋಣೆ, ನಡುವೆ ಅಡುಗೆಮನೆ, ಒಂದೊಂದು ಕೋಣೆಯಲ್ಲಿ ಆರಾರು ಮಂಚ. ಆ ಕಟ್ಟಡದ ವರ್ಷವನ್ನು ಕ್ರಮವಾಗಿ ಬರೆದಿಡೋಣವೆಂದು ಅಂದೇ ತೀರ್ಮಾನಿಸಿದೆ.

ನಾವು ನೀಲಗಿರಿಯ ಬಡಗರು. ನಮ್ಮ ಹಟ್ಟಿ ಹುಬ್ಬತಲೈಯಿಂದ ಗುಡ್ಡ ದಾಟಿದರೆ ಸಿಗುತ್ತದೆ. ಒಂದೇ ಸಾಲಿನ ಮನೆಗಳು, ಮುಂದೆ ಅಂಗಳ, ಅದರಾಚೆ ಆಲೂಗಡ್ಡೆ ಹೊಲ. ಆಗ ತಾನೇ ಜನ ಟೀ ಗಿಡ ಹಾಕುವುದನ್ನು ಕಲಿಯುತ್ತಿದ್ದರು. ಅಪ್ಪ ಹಟ್ಟಿಯ ಹಿರಿಯರಲ್ಲಿ ಒಬ್ಬರು. ನನ್ನನ್ನು ಓದಲೆಂದು ಅರವಂಕಾಡಿನ ಮಾವನ ಮನೆಯಲ್ಲಿ ಬಿಟ್ಟರು. ಮಾವ ಅಲ್ಲಿನ ಕಾರ್ಖಾನೆಯ ನೌಕರ. ಕಾರ್ಖಾನೆಯ ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು, ಸೈರನ್ನಿಗೆ ಪುಸ್ತಕ ಮುಚ್ಚುವುದು. ಆ ಶಿಸ್ತು ನನಗೆ ಒಗ್ಗಿತು. ಇಂದಿಗೂ ನನ್ನ ಊಟದ ಹೊತ್ತು ತಪ್ಪುವುದಿಲ್ಲ. ನನ್ನ ತಂಗಿ ನಂಜಿಗೆ ಆ ಅನುಕೂಲ ಇರಲಿಲ್ಲ. ಅವಳು ಬೆಳೆಯುವ ಹೊತ್ತಿಗೆ ಮಾವನ ಮಕ್ಕಳೂ ಸೊಸೆಯಂದಿರೂ ಆ ಚಿಕ್ಕ ಕ್ವಾರ್ಟರ್ಸ್ ತುಂಬಿಕೊಂಡಿದ್ದರು. ಆದರೂ ಅವಳು ದಿನವೂ ಗುಡ್ಡ ಹತ್ತಿಳಿದು ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ನಮ್ಮ ಹಟ್ಟಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ಅವಳೇ. ಊಟಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೇರಬೇಕೆಂದು ಅವಳ ಆಸೆ. ದಿನವೂ ಹೋಗಿ ಬರುವಂತೆ ಬಸ್ಸು ಇರಲಿಲ್ಲ. ಅಪ್ಪ ಒಂದೇ ಮಾತು ಹೇಳಿದ್ದರು: "ಅಲ್ಲಿ ನಂಗ ಜನದ ಹಾಸ್ಟೆಲ್ ಆದರೆ ಹೋಗು. ಕಂಡವರ ಮನೆಯಲ್ಲಿ ಬೇಡ." ನಮ್ಮ ಮಾತಿನಲ್ಲಿ ನಂಗ ಅಂದರೆ ನಮ್ಮ. ಹಟ್ಟಿಯವರ ಮಾತನ್ನು ಓದುವವರಿಗೆ ತಿಳಿಯುವಷ್ಟು ತಿದ್ದಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಊಟಿಯಲ್ಲಿ ಓದುವ ಹೆಣ್ಣುಮಕ್ಕಳಿಗಾಗಿ ಹನ್ನೆರಡು ಹಟ್ಟಿಗಳು ಸೇರಿ ಒಂದು ಹಾಸ್ಟೆಲ್ ಕಟ್ಟುವುದೆಂದು ತೀರ್ಮಾನವಾಯಿತು. ಹಟ್ಟಿಗೊಂದು ಮಂಚ. ಸಮಿತಿಯ ಮುಖ್ಯಸ್ಥರು ಜೋಗಿ ಗೌಡರು. ದೊಡ್ಡ ದನಿಯ, ಬಿಳಿ ರುಮಾಲಿನ ಮುದುಕರು. ನಕ್ಷೆಯ ಕೆಲಸ ನಮ್ಮ ಕಚೇರಿಗೆ ಬಂತು. ನಾನಾಗ ಊಟಿಯಲ್ಲಿ ಸೀತಾರಾಮ್ ಎಂಬ ಆರ್ಕಿಟೆಕ್ಟರ ಬಳಿ ಡ್ರಾಫ್ಟ್ಸ್‌ಮನ್, ಇಬ್ಬರು ಗೆಳೆಯರ ಜೊತೆ ಒಂದೇ ಬಾಡಿಗೆ ಕೋಣೆಯಲ್ಲಿ ವಾಸ. ಸಾರ್ ಮೈಸೂರಿನ ಕಡೆಯವರು, ಒಂಟಿ ಮನುಷ್ಯ. ಅವರ ಕಚೇರಿಯ ಶಿಸ್ತು ಅರವಂಕಾಡಿಗಿಂತ ಕಡಿಮೆ ಇರಲಿಲ್ಲ. ಪೆನ್ಸಿಲುಗಳನ್ನು ಹಿಂದಿನ ಸಂಜೆಯೇ ಚೂಪು ಮಾಡಿಡಬೇಕು, ಟೀ ಲೋಟ ನಕ್ಷೆಯ ಮೇಜಿನ ಹತ್ತಿರ ಬರಕೂಡದು. ಅವರಲ್ಲಿ ನನಗೆ ವಿಚಿತ್ರವೆನಿಸಿದ್ದು ಒಂದೇ: ಕೇಳಿದ್ದಕ್ಕೆ "ಗೊತ್ತಿಲ್ಲ ಕಣಯ್ಯ" ಅಂದುಬಿಡುತ್ತಿದ್ದರು. ಅಷ್ಟು ದೊಡ್ಡ ಡಿಗ್ರಿ ಇದ್ದವರು ಹಾಗನ್ನುವುದನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ.

ಸಿಕ್ಕಿದ ಜಾಗ ಇಳಿಜಾರು. ಮೇಲಿನ ಅರ್ಧ ಗಟ್ಟಿ ನೆಲ. ಕೆಳಗಿನ ಅರ್ಧದಲ್ಲಿ ಒಂದು ಹಳ್ಳದಂಥ ತಗ್ಗು. ಮೇಲಿನ ಕೋಣೆಗೆ ಸಾಮಾನ್ಯ ಪಾಯ ಸಾಕು, ಕೆಳಗಿನ ಕೋಣೆಯ ಪಾಯ ತಗ್ಗಿನ ತಳಕ್ಕಿಂತಲೂ ಕೆಳಗೆ ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು ಎಂದು ಸಾರ್ ಬರೆಸಿದರು. ಮಂಚಗಳನ್ನೂ ನಕ್ಷೆಯಲ್ಲಿ ಬರೆದೆವು. ಜೋಗಿ ಗೌಡರು ಬಂದು ನೋಡಿ, ಯಾವ ಮಂಚ ಯಾವ ಹಟ್ಟಿಯದೆಂದೂ ಬರೆಯಿರಿ ಅಂದರು. ಹಿರಿಯರ ಕೂಟ ಸೇರಿದಾಗ ಹಟ್ಟಿಗಳ ಹೆಸರು ಕೂಗುವ ಕ್ರಮವೊಂದಿದೆ. ಅದೇ ಕ್ರಮದಲ್ಲಿ ಮೇಲಿನಿಂದ ಬರೆಯುತ್ತ ಬಂದೆ. ನಮ್ಮ ಹಟ್ಟಿ ನಾಲ್ಕನೆಯದು. ನಂಜಿಯ ಮಂಚ ಮೇಲಿನ ಕೋಣೆಯಲ್ಲಿ, ಕಿಟಕಿಯ ಪಕ್ಕಕ್ಕೆ ಬಂತು. ಆ ಭಾನುವಾರ ಹಟ್ಟಿಗೆ ಹೋದಾಗ ಅವಳಿಗೆ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದೆ. "ಕಿಟಕಿಯಿಂದ ಏನು ಕಾಣುತ್ತೆ ಅಣ್ಣ?" ಅಂದಳು. "ರಸ್ತೆ" ಅಂದೆ. "ಸಾಕು" ಅಂದಳು.

ಪಾಯ ಅಗೆಯುವ ಹೊತ್ತಿಗೆ ಸಾರ್ ಅವರ ತಾಯಿ ತೀರಿಕೊಂಡರು. ಅವರು ಮೈಸೂರಿಗೆ ಹೋಗಿ ಕ್ರಿಯೆ ಮುಗಿಸಿ ಆಸ್ತಿಯ ವಿಚಾರಕ್ಕೆಂದು ಅಲ್ಲೇ ನಿಂತರು. ನನ್ನನ್ನು ಗೂಡಲೂರಿನಾಚೆ ತೊರಪಳ್ಳಿಯಲ್ಲಿ ನಡೆಯುತ್ತಿದ್ದ ಇನ್ನೊಂದು ಕೆಲಸಕ್ಕೆ ಕಳಿಸಿದ್ದರು. ಚಳಿಗಾಲ. ಮುಂಜಾನೆ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿರುವ ಕಾಲ. ಹೊಲದಲ್ಲಿ ಕೆಲಸವಿರುವುದಿಲ್ಲ, ಜನಕ್ಕೆ ಬಿಡುವು. ಆಗ ನಡೆದದ್ದನ್ನು ಆಮೇಲೆ ನನಗೆ ಅವ್ವೆ ಹೇಳಿದಳು.

ಹಾಸ್ಟೆಲಿನ ಜಾಗ ನೋಡಲು ಹೋದ ಹಿರಿಯರಿಗೆ ಆ ತಗ್ಗು ಅಪಶಕುನದಂತೆ ಕಂಡಿತು. ಹೆಣ್ಣುಮಕ್ಕಳು ಮಲಗುವ ಕಡೆ ಕೆಳಗೆ ಹಳ್ಳ ಇರುವುದೇ ಎಂದರು. ಒಂದೊಂದು ಹಟ್ಟಿಯೂ ತನ್ನ ಹೊಲದ ಮಣ್ಣನ್ನು ತಂದು ತುಂಬಬೇಕು, ಆಗ ಹುಡುಗಿಯರು ಎಲ್ಲಿದ್ದರೂ ಸ್ವಂತ ನೆಲದ ಮೇಲೆ ಮಲಗಿದಂತೆ ಎಂದು ಜೋಗಿ ಗೌಡರು ಕೂಟದಲ್ಲಿ ಹೇಳಿದರಂತೆ. ಯಾರೂ ಎರಡು ಮಾತಾಡಲಿಲ್ಲ. ದಿನಕ್ಕೊಂದು ಹಟ್ಟಿಯವರು ಲಾರಿಯಲ್ಲಿ, ಮೂಟೆಯಲ್ಲಿ, ಕುಕ್ಕೆಯಲ್ಲಿ ಮಣ್ಣು ತಂದು ಸುರಿದರು. ಹೊಲದ ಅತ್ಯುತ್ತಮ ಮಣ್ಣನ್ನೇ ತಂದರು. ಕಡಿಮೆ ಮಣ್ಣು ಕೊಟ್ಟರೆ ಹಟ್ಟಿಗೆ ಅವಮಾನ. ಹೆಂಗಸರು ಸಾಲಾಗಿ ನಿಂತು ತುಳಿದರು, ಗಂಡಸರು ಮೇಲೆ ಕುಣಿದರು. ನಂಜಿಯೂ ನಮ್ಮ ಹೊಲದಿಂದ ಕುಕ್ಕೆ ಹೊತ್ತು ಹೋಗಿದ್ದಳು. ಕೊನೆಗೆ ನೆಲ ಅಂಗೈಯಷ್ಟು ಸಮವಾಯಿತು. ಹನ್ನೆರಡು ಹಟ್ಟಿಯ ಹಿರಿಯರು ಕಟ್ಟು ಅಂದರು, ಮೇಸ್ತ್ರಿ ಆ ಮಣ್ಣಿನ ಮೇಲೇ ಪಾಯ ಹಾಕಿ ಕಟ್ಟಿದ.

ನಾನೂ ಸಾರ್ ಅವರೂ ಮತ್ತೆ ಜಾಗಕ್ಕೆ ಹೋದಾಗ ಗೋಡೆ ಕಿಟಕಿಯ ತಲೆಯವರೆಗೆ ಬಂದಿತ್ತು. ಸಾರ್ ಕೆಳಗಿನ ಕೋಣೆಯ ಹೊರಗೆ ನಿಂತು ನೆಲವನ್ನು ಬೂಟಿನಿಂದ ಒತ್ತಿ ನೋಡಿದರು. ಮೇಸ್ತ್ರಿಯನ್ನು ಕರೆದು ಗೋಡೆಯ ಪಕ್ಕದಲ್ಲಿ ಒಂದು ಗುಂಡಿ ತೆಗೆಸಿದರು. ಎದೆಯಾಳ ಇಳಿದರೂ ಕಪ್ಪು ಮಣ್ಣು, ಆಲೂಗಡ್ಡೆಯ ಬೇರು, ಕೊಳೆತ ಹುಲ್ಲು. ಅಷ್ಟರಲ್ಲಿ ಜೋಗಿ ಗೌಡರು ಬಂದರು.

"ಹೇಗಿದೆ ಸಾರ್ ನಂಗ ಮಣ್ಣು?" ಅಂದರು, ಮಗನ ಮಾರ್ಕು ಕೇಳುವ ತಂದೆಯ ಹಾಗೆ.

ಸಾರ್ ಒಂದು ಹಿಡಿ ತೆಗೆದು ಬೆರಳಲ್ಲಿ ಪುಡಿ ಮಾಡಿದರು. "ಬಹಳ ಒಳ್ಳೆ ಮಣ್ಣು ಗೌಡ್ರೇ. ಆಲೂಗಡ್ಡೆ ಹಾಕಿದ್ರೆ ಚೆನ್ನಾಗಿ ಬರುತ್ತೆ. ಗೋಡೆ ಹಾಕೋ ಮಣ್ಣಲ್ಲ."

ಗೌಡರು ಮೊದಲು ನಕ್ಕರು. ಸಾರ್ ನಗದಿದ್ದುದನ್ನು ಕಂಡು ನಿಲ್ಲಿಸಿದರು. ಸಾರ್ ವಿವರಿಸಿದರು. ಹೊಲದ ಮಣ್ಣು ಮೆತ್ತಗೆ, ಒಳಗಿನ ಹುಲ್ಲು ಕೊಳೆತಂತೆ ಕುಸಿಯುತ್ತದೆ, ಅದೂ ಇಳಿಜಾರಿನಲ್ಲಿ. ಈ ಕೋಣೆ ಬಿಚ್ಚಿ, ಮಣ್ಣು ತೆಗೆದು, ಪಾಯ ಕೆಳಗಿಳಿಸಬೇಕು. ಇಲ್ಲವೇ ಎರಡು ಮಳೆ, ಜೂನಿನದು ಒಂದು, ದೀಪಾವಳಿಯ ಸುತ್ತಿನದು ಒಂದು, ಕಳೆಯುವವರೆಗೆ ಅಲ್ಲಿ ಯಾರನ್ನೂ ಮಲಗಿಸದೆ ನೋಡಬೇಕು.

"ಹನ್ನೆರಡು ಹಟ್ಟಿ ಕೊಟ್ಟ ಮಣ್ಣನ್ನ ಎತ್ತಿ ಎಸೆಯೋದಾ?" ಅಂದರು ಗೌಡರು. "ಯಾವ ಹಟ್ಟಿ ಮಣ್ಣು ಮೊದಲು ಎಸೀಲಿ, ನೀನೇ ಹೇಳು ಬೆಳ್ಳಿ." ಬೆಳ್ಳಿ ನಾನು. ನಾನು ಗುಂಡಿಯ ಅಂಚಿನಲ್ಲಿ ಅಳತೆ ಪಟ್ಟಿ ಹಿಡಿದು ನಿಂತಿದ್ದೆ. ಪಟ್ಟಿಯನ್ನು ಸುತ್ತತೊಡಗಿದೆ. ಕೋಣೆಯನ್ನು ಬಿಚ್ಚಲಿಲ್ಲ. ಮಾರ್ಚಿನಲ್ಲಿ ಛಾವಣಿಯನ್ನೂ ಹಾಕಿದರು.

ಮೇ ತಿಂಗಳಿಗೆ ಸುಣ್ಣ ಬಳಿದು ಮಂಚ ತಂದಿಟ್ಟರು. ಅಪ್ಪ ನಂಜಿಗೆ ಒಂದು ತಗಡಿನ ಪೆಟ್ಟಿಗೆ ಕೊಂಡು ತಂದರು. ಟ್ರೈನಿಂಗಿನಲ್ಲಿ ಸೀಟೂ ಸಿಕ್ಕಿತು. ಹಾಸ್ಟೆಲ್ ತೆರೆಯಲು ಅನುಮತಿ ಬೇಕಿದ್ದರೆ ಕಟ್ಟಡ ವಾಸಕ್ಕೆ ಯೋಗ್ಯ ಎಂದು ಆರ್ಕಿಟೆಕ್ಟ್ ಸಹಿ ಮಾಡಿದ ಸರ್ಟಿಫಿಕೇಟ್ ಬೇಕು ಎಂದರು ಅಧಿಕಾರಿಗಳು. ಸಾರ್ ಮೇಲಿನ ಕೋಣೆಗೂ ಅಡುಗೆಮನೆಗೂ ಸಹಿ ಮಾಡಿದರು. ಕೆಳಗಿನ ಕೋಣೆಗೆ ಮಾಡಲಿಲ್ಲ. ಹನ್ನೆರಡು ಮಂಚವನ್ನೂ ಮೇಲಿನ ಕೋಣೆಗೆ ತಳ್ಳೋಣವೆಂದು ಸಮಿತಿಯವರು ಕೇಳಿದರು. ಅಷ್ಟು ಜಾಗಕ್ಕೆ ಆರೇ ಮಂಚ ಎಂದರು ಅಧಿಕಾರಿಗಳು. ಸಮಿತಿಯವರು ಬೇರೊಬ್ಬ ಇಂಜಿನಿಯರನ್ನು ಹಿಡಿದರು. ಇನ್ನೊಬ್ಬರು ಬೇಡವೆಂದ ಕೆಲಸಕ್ಕೆ ತಾನು ಕೈ ಹಾಕುವುದಿಲ್ಲ ಎಂದುಬಿಟ್ಟ ಆತ.

ಆಗ ಹಾಸ್ಟೆಲಿನ ಅಂಗಳದಲ್ಲೇ ಕೂಟ ಸೇರಿತು. ಹನ್ನೆರಡು ಹಟ್ಟಿಯ ಹಿರಿಯರು ಕಂಬಳಿ ಹಾಸಿ ಕುಳಿತರು. ಮಂಜು ಕೆಳಗಿನಿಂದ ಏರಿ ಬರುತ್ತಿತ್ತು. ಆಚೆ ಕುಳಿತವರ ರುಮಾಲು ಮಾತ್ರ ಕಾಣುತ್ತಿತ್ತು. ಸಾರ್‌ಗೆ ಕುರ್ಚಿ ಹಾಕಿದ್ದರು. ಅವರು ಕೂರಲಿಲ್ಲ.

"ಬೀಳುತ್ತಾ ಸಾರ್ ಇದು? ಅದೊಂದು ಹೇಳಿ," ಅಂದರು ಜೋಗಿ ಗೌಡರು.

"ಗೊತ್ತಿಲ್ಲ ಗೌಡ್ರೇ."

"ಇಷ್ಟು ಓದಿ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಗಲ್ವಾ? ಓದದ ನಾನು ಹೇಳ್ತೀನಿ, ನಿಲ್ಲುತ್ತೆ ಅಂತ."

"ಹಾಗಾದ್ರೆ ನೀನೇ ಸಹಿ ಮಾಡು ಜೋಗಣ್ಣ," ಅಂದರು ಮಂಜಿನೊಳಗಿಂದ ಯಾರೋ.

"ನನ್ನ ಹೆಬ್ಬೆಟ್ಟು ನಡೆಯೋ ಹಾಗಿದ್ದರೆ ಹತ್ತು ಕಡೆ ಒತ್ತುತ್ತಿದ್ದೆ!"

ಎಲ್ಲರೂ ನಕ್ಕರು. ಸಾರ್ ನಗು ನಿಲ್ಲುವವರೆಗೆ ಕಾದರು. "ಬೀಳುತ್ತೆ ಅಂತ ನಾನು ಹೇಳ್ತಿಲ್ಲ. ಬೀಳಲ್ಲ ಅಂತ ಬರೆದುಕೊಡು ಅಂತ ನೀವು ಕೇಳ್ತಿದ್ದೀರಿ. ನನಗೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೀಲಾ? ಒಳಗೆ ಮಲಗೋರು ನಿಮ್ಮ ಮಕ್ಕಳು. ಮೇಲಿನ ಕೋಣೆ ನನಗೆ ಗೊತ್ತು, ಸಹಿ ಮಾಡಿದ್ದೀನಿ. ಆರು ಹುಡುಗೀರು ಈ ಜೂನಿಗೆ ಬರಲಿ. ಉಳಿದ ಆರು ಜನ ಮುಂದಿನ ಜೂನಿಗೆ."

ಯಾವ ಆರು ಎಂದು ಯಾರೂ ಕೇಳಬೇಕಿರಲಿಲ್ಲ. ನಕ್ಷೆಯಲ್ಲಿ ಬರೆದಿತ್ತು, ಬರೆದವನು ನಾನೇ. ಕೆಳಗಿನ ಆರು ಹಟ್ಟಿಯವರು ತಲೆ ತಗ್ಗಿಸಿದರು. ಬೇಡ ಎನ್ನಲು ಅವರಿಗೆ ಬಾಯಿಲ್ಲ, ಹೊಟ್ಟೆಕಿಚ್ಚು ಅಂದುಬಿಡುತ್ತಾರೆ. ಮೇಲಿನ ಆರು ಹಟ್ಟಿಯವರಲ್ಲಿ ಮೂರು ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅಪ್ಪ ಎದ್ದು ನಿಂತರು.

"ನಂಗ ಹಟ್ಟಿ ಮಂಚ ಮೇಲಿನ ಕೋಣೆಯಲ್ಲಿದೆ. ಅದಕ್ಕೇ ಈ ಮಾತು ನಾನೇ ಆಡಬೇಕು. ಕೆಳಗಿನ ಹಟ್ಟಿಯವರೂ ಮಣ್ಣು ಹೊತ್ತಾರೆ. ಅವರ ಹೆಣ್ಣು ಒಲೆ ಮುಂದೆ ಕೂತಿರುವಾಗ ನನ್ನ ಹೆಣ್ಣು ಪೆಟ್ಟಿಗೆ ಹಿಡಿದು ಬಸ್ಸು ಹತ್ತೋದು ಆಗೋದಿಲ್ಲೆ. ಹೋದರೆ ಎಲ್ಲ ಹೆಣ್ಣೂ ಒಂದೇ ದಿನ ಹೋಗಲಿ. ಇಲ್ಲೆ ಅಂದರೆ ಯಾರೂ ಬೇಡ."

ಉಳಿದ ಐದು ಹಟ್ಟಿಯವರೂ ಒಬ್ಬೊಬ್ಬರಾಗಿ ಹೂಂ ಅಂದರು. ಜೋಗಿ ಗೌಡರು ಅಪ್ಪನ ಭುಜ ಹಿಡಿದುಕೊಂಡರು. ಹಾಸ್ಟೆಲಿಗೆ ಬೀಗ ಸಾರ್ ಕಣ್ಣ ಮುಂದೆಯೇ ಬಿತ್ತು. ಸಾರ್ ಕೊಡೆ ಬಿಡಿಸಿ ರಸ್ತೆಗೆ ಇಳಿದರು, ನಾನು ನಕ್ಷೆಯ ಸುರುಳಿ ಹಿಡಿದು ಹಿಂದೆ ನಡೆದೆ. ಅಪ್ಪನ ಮೇಲೆ ಹೆಮ್ಮೆಪಡಬೇಕಿತ್ತೋ ಸಿಟ್ಟಾಗಬೇಕಿತ್ತೋ ತಿಳಿಯಲಿಲ್ಲ. ಎರಡೂ ಆಗಲಿಲ್ಲ. ಆ ದಿನ ಕಚೇರಿ ಮುಚ್ಚುವ ಮೊದಲು ಪೆನ್ಸಿಲುಗಳನ್ನು ಚೂಪು ಮಾಡಿಟ್ಟು ಹೊರಟದ್ದು ನೆನಪಿದೆ.

ಮುಂದಿನ ಭಾನುವಾರ ಹಟ್ಟಿಗೆ ಹೋದೆ. ನಂಜಿ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ನೀನು ಸಾರ್‌ಗೆ ಒಂದು ಮಾತು ಹೇಳಬಹುದಲ್ಲ ಅಣ್ಣ?"

"ಏನಂತ ಹೇಳಲಿ? ಅವರು ಹೇಳೋದು ಸರಿಯಾಗಿದೆ."

"ಹಾಗಾದರೆ ಅಪ್ಪನಿಗೆ ಹೇಳು."

"ಅಪ್ಪ ಹೇಳಿದ್ದೂ ಸರಿಯಾಗಿದೆ."

"ಓಹೋ," ಅಂದಳು. ಸೊಪ್ಪಿನ ದಂಟು ಮುರಿದು ಪಕ್ಕಕ್ಕೆಸೆದಳು. "ಎಲ್ಲರೂ ಸರಿ. ನಾನೊಬ್ಬಳೇ ತಪ್ಪು, ಅಲ್ಲವಾ?"

ಹೇಳಿ ನಕ್ಕುಬಿಟ್ಟಳು. ಅವ್ವೆ ಒಳಗಿನಿಂದ, "ಏನು ನಗು ಅದು ಹೆಣ್ಣೆ?" ಎಂದು ಕೂಗಿದಳು. "ಅಣ್ಣ ಲೆಕ್ಕ ಹೇಳಿಕೊಡ್ತಿದ್ದಾನೆ ಅವ್ವೆ," ಅಂದಳು ನಂಜಿ.

ಜೂನಿನ ಮಳೆ ಬಂತು. ಟ್ರೈನಿಂಗ್ ಶಾಲೆ ತೆರೆದ ದಿನ ಊಟಿಯಲ್ಲಿ ಹಗಲೇ ದೀಪ ಹಾಕಬೇಕಾದಷ್ಟು ಮೋಡ. ನಾನು ಎಂದಿನಂತೆ ಕಚೇರಿಗೆ ಹೋಗಿ ಯಾವುದೋ ಬಂಗಲೆಯ ಗ್ಯಾರೇಜಿನ ನಕ್ಷೆ ಬರೆದೆ. ಒಂದು ಗೆರೆಯೂ ಓರೆಯಾಗಲಿಲ್ಲ. ಸಾರ್ ಮಧ್ಯಾಹ್ನ ಒಮ್ಮೆ, "ನಿನ್ನ ತಂಗಿ ಇವತ್ತು ಸೇರಬೇಕಿತ್ತಲ್ಲವೇನಯ್ಯ?" ಅಂದರು. ಹೌದು ಸಾರ್ ಅಂದೆ. ಅವರು ಕಿಟಕಿಯ ಹತ್ತಿರ ಹೋಗಿ ಮಳೆ ನೋಡಿದರು. ಆಮೇಲೆ ಅಚ್ಚಿನ ಪೆಟ್ಟಿಗೆಯ ಅಮೋನಿಯಾ ಮುಗಿದಿದೆ, ತರಿಸು ಅಂದರು. ಆ ಸಮಿತಿಯವರಿಂದಾಗಿ ಅವರಿಗೆ ಹಟ್ಟಿಗಳ ಕಡೆಯ ಕೆಲಸವೆಲ್ಲ ನಿಂತಿತ್ತು. ಅದನ್ನು ಅವರು ಒಮ್ಮೆಯೂ ಆಡಲಿಲ್ಲ.

ಅಪ್ಪ ಸೀಟು ಬಿಟ್ಟ ಹೆಣ್ಣನ್ನು ಮನೆಯಲ್ಲಿ ಸುಮ್ಮನೆ ಕೂರಿಸುವವರಲ್ಲ. ಹುಬ್ಬತಲೈ ಕಡೆಯ ಒಂದು ಮನೆಯಿಂದ ಸಂಬಂಧ ಬಂತು. ಒಳ್ಳೆಯ ಜನ, ಟೀ ತೋಟ ಇದ್ದವರು. ಒಂದು ವರ್ಷ ತಡೆಯೋಣ ಅಂತ ನಾನು ಅಂದೆ. "ಮುಂದಿನ ವರ್ಷ ಆ ಕೋಣೆಗೆ ಸಹಿ ಬೀಳುತ್ತೆ ಅಂತ ನೀನು ಬರೆದುಕೊಡ್ತೀಯಾ?" ಅಂದರು ಅಪ್ಪ. ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ನಂಜಿ ಒಪ್ಪಿದೆ ಅಂದಳು. ಹುಡುಗನ ಹೆಸರನ್ನೂ ಕೇಳಲಿಲ್ಲ, ಅವ್ವೆಯೇ ಹೇಳಿದಳು.

ಕಟ್ಟಡದ ಸಂಗತಿ ಮುಗಿಸಿ ಮದುವೆಗೆ ಬರುತ್ತೇನೆ. ಜೂನಿನ ಮಳೆಗೆ ಕೆಳಗಿನ ಕೋಣೆಗೆ ಏನೂ ಆಗಲಿಲ್ಲ. ದೀಪಾವಳಿಯ ಮಳೆಯಲ್ಲಿ ಕೆಳಮೂಲೆಯ ಗೋಡೆ ಬೆರಳು ತೂರುವಷ್ಟು ಬಿರಿಯಿತು, ನೆಲ ಒಂದು ಕಡೆ ತುಸು ಇಳಿಯಿತು. ಅಷ್ಟೇ. ಬೀಳಲಿಲ್ಲ. ಜೋಗಿ ಗೌಡರು ತಾವೇ ಕಚೇರಿಗೆ ಬಂದು ಸಾರ್ ಅವರನ್ನು ಕರೆದುಕೊಂಡು ಹೋದರು. ಸಾರ್ ಆ ಮೂಲೆಯ ಕೆಳಗೆ ತೋಡಿಸಿ, ಗಟ್ಟಿ ನೆಲದಿಂದ ಕಲ್ಲು ಕಟ್ಟಿಸಿಕೊಂಡು ಬಂದು, ಬೇಸಿಗೆಯಲ್ಲಿ ಸಹಿ ಮಾಡಿದರು. ಮುಂದಿನ ಜೂನಿಗೆ ಹನ್ನೆರಡು ಹುಡುಗಿಯರೂ ಒಂದೇ ದಿನ ಸೇರಿದರು. ನಮ್ಮ ಹಟ್ಟಿಯ ಮಂಚಕ್ಕೆ ಬೇರೊಂದು ಮನೆಯ ಹುಡುಗಿ ಹೋದಳು, ಟೀಚರಾದಳು. ಆ ಕಟ್ಟಡ ಈಗಲೂ ಇದೆ. ಮೊದಲ ವರ್ಷವೇ ತೆರೆದಿದ್ದರೆ ಏನಾಗುತ್ತಿತ್ತು ಎಂದು ನನ್ನನ್ನು ಕೇಳಿದವರಿದ್ದಾರೆ. ಬಿರುಕು ಬಿಟ್ಟು ನಿಲ್ಲುತ್ತಿತ್ತೋ, ಮಂಚದ ಭಾರಕ್ಕೂ ಒದ್ದೆಗೂ ರಾತ್ರಿ ಜಾರುತ್ತಿತ್ತೋ, ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ನಾನು ಹೇಳಲಾರೆ.

ಮದುವೆ ನಡೆದದ್ದು ಎರಡು ಮಳೆಗಳ ನಡುವಿನ ಬಿಡುವಿನಲ್ಲಿ, ಗೋಡೆ ಬಿರಿಯುವುದಕ್ಕೆ ಮೊದಲು. ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲಿ. ಹೊರಡುವ ಮೊದಲು ಹೆಣ್ಣು ತವರಿನ ಅಂಗಳದಲ್ಲಿ ಸಾಲಾಗಿ ಕುಳಿತ ಹಿರಿಯರ ಮುಂದೆಲ್ಲ ಬಾಗಬೇಕು. ಹಿರಿಯರು ತಲೆಯ ಮೇಲೆ ಕೈಯಿಟ್ಟು ಒಂದು ಮಾತು ಹೇಳುತ್ತಾರೆ. ಮಾತು ಬೀಳುವವರೆಗೆ ತಲೆ ಎತ್ತುವಂತಿಲ್ಲ.

ಸಾರ್ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಕರೆದವರು ಅಪ್ಪ, ನನಗೂ ತಿಳಿಸಿರಲಿಲ್ಲ. ಅವರು ಮೊದಲ ಬಸ್ಸಿಗೆ ಬಂದು, ಕೋಟು ಹಾಕಿಕೊಂಡು, ಕೆಸರಾದ ಬೂಟನ್ನು ಅಂಗಳದಾಚೆ ಬಿಟ್ಟು, ಅಪ್ಪ ತೋರಿಸಿದ ಕಡೆ ಸಾಲಿನಲ್ಲಿ ಕುಳಿತರು. ಜೋಗಿ ಗೌಡರು ಸ್ವಲ್ಪ ಜರುಗಿ ಜಾಗ ಕೊಟ್ಟರು. ನಂಜಿ ನಮ್ಮಲ್ಲಿ ಮದುಮಗಳು ಉಡುವ ಬಿಳಿ ಸೀರೆಯಲ್ಲಿ ಬಂದು ಒಬ್ಬೊಬ್ಬರ ಮುಂದೆ ಬಾಗುತ್ತ ಹೋದಳು. "ಒಳ್ಳಂಗೆ ಇರು." "ನೂರು ವರ್ಷ ಬಾಳು." ಜೋಗಿ ಗೌಡರು, "ಮನೆ ತುಂಬ ಮಕ್ಕಳಾಗಲಿ" ಎಂದು ಕೂಗಿಯೇ ಹೇಳಿದರು. ಆಮೇಲೆ ಅವಳು ಸಾರ್ ಮುಂದೆ ಬಾಗಿದಳು.

ಸಾರ್ ಪಕ್ಕದವರನ್ನು ನೋಡಿ ಕೈ ಇಟ್ಟರು. ಮಾತು ಬರಲಿಲ್ಲ. ನಮ್ಮ ಪದ್ಧತಿ ಅವರಿಗೆ ತಿಳಿಯದು. ನಂಜಿ ಬಾಗಿಯೇ ಇದ್ದಳು. ಹಿಂದೆ ನಿಂತ ಹೆಂಗಸರು ಪಿಸುಗುಟ್ಟಿದರು. ನಾನು ಹತ್ತಿರ ಹೋಗಿ, "ಸಾರ್, ಏನಾದರೂ ಒಂದು ಮಾತು ಹೇಳಬೇಕು," ಅಂದೆ.

"ಏನಾದರೂನಾ?" ಅಂದರು.

"ಹೌದು ಸಾರ್."

ಅವರು ಬಾಗಿದ ತಲೆಯನ್ನೊಮ್ಮೆ ನೋಡಿದರು. ಆಮೇಲೆ, ಸಣ್ಣ ದನಿಯಲ್ಲಿ, ಆದರೆ ಸಾಲಿಗೆಲ್ಲ ಕೇಳುವಂತೆ, "ನೀನು ಓದಬೇಕಿತ್ತಮ್ಮ," ಅಂದರು.

ಜೋಗಿ ಗೌಡರು ರುಮಾಲು ಸರಿಪಡಿಸಿಕೊಂಡರು. ಹಿರಿಯರಿಂದ ಮಾತು ಬಿದ್ದಾಗಿತ್ತು. ನಂಜಿ ತಲೆ ಎತ್ತಿದಳು. "ಹೂಂ ಸಾರ್" ಅಂದು ಮುಂದೆ ಸರಿದಳು. ಸಾಲಿನ ಕೊನೆಯಲ್ಲಿ, ಸಾರ್ ಪಕ್ಕಕ್ಕೆ, ಅಪ್ಪ ಕುಳಿತಿದ್ದರು. ಅವಳು ಅವರ ಮುಂದೆ ಬಾಗಿದಳು. ಅಪ್ಪ ಅವಳ ತಲೆಯ ಮೇಲೆ ಎರಡೂ ಕೈ ಇಟ್ಟರು.

"ಸಾರ್ ಹೇಳಿದ್ದೇ ನನ್ನ ಮಾತೂ," ಅಂದರು.